ಹಾರ ಹಾಕಿ ಹೋದ ಮೇಲೆ: ಶಾಸಕರಿಗೊಂದು ಬಹಿರಂಗ ಪತ್ರ

ಕರ್ನಾಟಕ ವಿಧಾನಸಭೆ ಮತ್ತು ವಿಧಾನ ಪರಿಷತ್ತಿನ ಮಾನ್ಯ ಸದಸ್ಯರಿಗೆ,



ಸರ್ಕಾರಿ ನೌಕರನೊಬ್ಬ ಕೆಲಸದ ಮೇಲಿದ್ದಾಗ ಸತ್ತರೆ ಕಚೇರಿಯಲ್ಲಿ ಎಷ್ಟು ಕಡತ ತೆರೆಯುತ್ತಾರೆ ಎಂಬುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರಲಾರದು. ನನಗೆ ಗೊತ್ತು. ಸಿಬ್ಬಂದಿ ಶಾಖೆಯಲ್ಲಿ ಕೇಸ್ ವರ್ಕರ್ ಆಗಿ ಸೇರಿ, ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದವಳು ನಾನು. ಕುಟುಂಬ ಪಿಂಚಣಿಗೆ ಒಂದು ಕಡತ. ಉಪದಾನಕ್ಕೆ ಒಂದು. ಕೆಜಿಐಡಿ ಪಾಲಿಸಿ, ಗುಂಪು ವಿಮೆ, ಗಳಿಕೆ ರಜೆ ನಗದೀಕರಣ, ಎಲ್ಲಕ್ಕೂ ಒಂದೊಂದು. ಅನುಕಂಪದ ನೇಮಕಾತಿಗೆ ಬೇರೆಯದೇ, ಅದರ ಅರ್ಜಿ ಸತ್ತ ಒಂದು ವರ್ಷದೊಳಗೆ ಬರಬೇಕು. ಮುಖ್ಯಮಂತ್ರಿಗಳು ಪರಿಹಾರ ಘೋಷಿಸಿದ್ದರೆ ಮತ್ತೊಂದು. ಎಲ್ಲಕ್ಕೂ ನಮೂನೆ ಇದೆ, ಚೆಕ್ ಲಿಸ್ಟ್ ಇದೆ. ಆ ಮನುಷ್ಯ ಯಾಕೆ ಸತ್ತ ಎಂಬುದಕ್ಕೆ ಮಾತ್ರ ಕಡತವಿಲ್ಲ.

ಪೊಲೀಸರು ಎಫ್‌ಐಆರ್ ಹಾಕುತ್ತಾರಲ್ಲ ಎನ್ನುತ್ತೀರಿ. ಹಾಕುತ್ತಾರೆ. ಕೊಂದವರು ಯಾರು ಎಂದು ಹುಡುಕುವುದು ಅವರ ಕೆಲಸ, ಅನೇಕ ಸಲ ಚೆನ್ನಾಗಿಯೇ ಹುಡುಕುತ್ತಾರೆ. ಮನೆಯವರು ಕೇಳುವುದು ಅದೊಂದನ್ನೇ ಅಲ್ಲ. ಆ ಹೊತ್ತಿನಲ್ಲಿ ಅಲ್ಲಿಗೆ ಕಳಿಸಿದ್ದು ಯಾರು? ಜೊತೆಗೆ ಯಾರಿದ್ದರು, ಯಾರು ಇರಬೇಕಿತ್ತು? ಬೆದರಿಕೆ ಇದೆ ಎಂದು ನಮ್ಮವರು ಮೊದಲೇ ಹೇಳಿದ್ದರಾ, ಹೇಳಿದ್ದರೆ ಆ ಪತ್ರ ಯಾರ ಮೇಜಿನ ಮೇಲೆ ಮಲಗಿತ್ತು? ಈ ಪ್ರಶ್ನೆಗಳನ್ನು ತೆಗೆದುಕೊಂಡು ಯಾವ ಕಚೇರಿಗೆ ಹೋಗಬೇಕು ಅನ್ನುವುದು ಇಷ್ಟು ವರ್ಷ ಸರ್ಕಾರಿ ಕುರ್ಚಿಯಲ್ಲಿ ಕೂತ ನನಗೂ ತಿಳಿಯದು, ಯಾಕೆಂದರೆ ಅಂಥ ಕಚೇರಿಯೇ ಇಲ್ಲ.

ನಮ್ಮದೇ ಜಿಲ್ಲೆ ಕೋಲಾರದ ಹುಡುಗನೊಬ್ಬನ ಹೆಸರು ನಿಮಗೆ ನೆನಪಿರಬಹುದು. ಮಂಜುನಾಥ ಷಣ್ಮುಗಂ. ಕೆಜಿಎಫ್‌ನ ಮನೆ, ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್, ಲಖನೌ ಐಐಎಂನಲ್ಲಿ ಎಂಬಿಎ, ಆಮೇಲೆ ಇಂಡಿಯನ್ ಆಯಿಲ್‌ನಲ್ಲಿ ಮಾರಾಟ ಅಧಿಕಾರಿ. ಉತ್ತರ ಪ್ರದೇಶದ ಲಖಿಂಪುರ ಖೇರಿ ಜಿಲ್ಲೆಯ ಪೆಟ್ರೋಲ್ ಬಂಕ್‌ಗಳು ಇವರ ಹದ್ದಿನಲ್ಲಿದ್ದವು. ಕಲಬೆರಕೆ ಇಂಧನ ಮಾರುತ್ತಿದ್ದ ಬಂಕ್‌ಗೆ ಬೀಗ ಹಾಕಿಸಿದರು. ಅದು ಮತ್ತೆ ತೆರೆಯಿತು. ಮತ್ತೆ ತಪಾಸಣೆಗೆ ಹೋದರು. 2005ರ ನವೆಂಬರ್ 19ರ ರಾತ್ರಿ ಗೋಲಾ ಗೋಕರ್ಣನಾಥದಲ್ಲಿ ಗುಂಡಿಟ್ಟು ಕೊಂದರು. ಹೆಣ ಸಿಕ್ಕಿದ್ದು ಅವರದೇ ಕಾರಿನ ಹಿಂದಿನ ಸೀಟಿನಲ್ಲಿ. ವಯಸ್ಸು 27. ಮೂರು ದಿನದಿಂದ ಮಗನ ಸುದ್ದಿ ಇಲ್ಲವಲ್ಲ ಎಂದು ಕೆಜಿಎಫ್‌ನಿಂದ ತಂದೆ ಅದೇ ರಾತ್ರಿ ‘ಹೇಗಿದ್ದೀಯ’ ಎಂದು ಮೆಸೇಜ್ ಕಳಿಸಿದ್ದರು.

ಕೇಸು ನಡೆಯಿತು. 2007ರ ಮಾರ್ಚ್‌ನಲ್ಲಿ ಸೆಷನ್ಸ್ ಕೋರ್ಟ್ ಒಬ್ಬನಿಗೆ ಗಲ್ಲು, ಏಳು ಜನರಿಗೆ ಜೀವಾವಧಿ ವಿಧಿಸಿತು. 2009ರಲ್ಲಿ ಅಲಹಾಬಾದ್ ಹೈಕೋರ್ಟ್ ಗಲ್ಲನ್ನು ಜೀವಾವಧಿಗೆ ಇಳಿಸಿ, ಇಬ್ಬರನ್ನು ಬಿಟ್ಟಿತು. ಉಳಿದ ಆರು ಜನರ ಶಿಕ್ಷೆಯನ್ನು 2015ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನಮ್ಮ ದೇಶದ ಲೆಕ್ಕದಲ್ಲಿ ಇದು ನ್ಯಾಯ ಸಿಕ್ಕ ಕೇಸು. ಸಿಕ್ಕಿದ್ದಕ್ಕೆ ಕಾರಣವೂ ಇದೆ. ಐಐಎಂಗಳ ಹಳೆಯ ವಿದ್ಯಾರ್ಥಿಗಳು ಟ್ರಸ್ಟ್ ಕಟ್ಟಿ ಕೇಸಿನ ಬೆನ್ನುಬಿದ್ದರು. 2014ರಲ್ಲಿ ಸಿನಿಮಾ ಕೂಡ ಬಂತು. ಒಬ್ಬ ಗ್ರಾಮ ಲೆಕ್ಕಿಗನೋ ಫಾರೆಸ್ಟ್ ಗಾರ್ಡೋ ಸತ್ತರೆ ಯಾವ ಬ್ಯಾಚ್‌ಮೇಟ್‌ಗಳು ಟ್ರಸ್ಟ್ ಕಟ್ಟುತ್ತಾರೆ?

ಅಷ್ಟೆಲ್ಲ ಆದರೂ ಆ ಮೂರು ಕೋರ್ಟ್‌ಗಳ ಮುಂದಿದ್ದದ್ದು ಒಂದೇ ಪ್ರಶ್ನೆ: ಗುಂಡು ಹೊಡೆದವರು, ಹೊಡೆಸಿದವರು ಯಾರು. ಬೀಗ ಬಿದ್ದಿದ್ದ ಬಂಕ್ ಮತ್ತೆ ತೆರೆದದ್ದು ಹೇಗೆ, ಅಂಥ ಕಡೆ ತಪಾಸಣೆಗೆ ಹೋಗುವ ಅಧಿಕಾರಿಯ ಜೊತೆ ಯಾರಿರಬೇಕು ಎಂಬ ನಿಯಮ ಇತ್ತೇ ಇಲ್ಲವೇ ಎಂದು ಕೇಳುವುದು ಕ್ರಿಮಿನಲ್ ಕೋರ್ಟಿನ ಕೆಲಸವಲ್ಲ. ನ್ಯಾಯಾಧೀಶರನ್ನು ದೂರಿ ಪ್ರಯೋಜನವಿಲ್ಲ, ಅವರ ಮುಂದೆ ನಿಲ್ಲಿಸಿದ್ದು ಆರೋಪಿಗಳನ್ನು, ವ್ಯವಸ್ಥೆಯನ್ನಲ್ಲ.

ಮಂಜುನಾಥನ ಊರಿನ ಹಳಬರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿಯವರೆಗೆ ಕೆಳಗೆ ಬಂಡೆ ಸಿಡಿದು ಸತ್ತವರ ಲೆಕ್ಕ ಮನೆಮನೆಯಲ್ಲೂ ಇದೆ. ಆದರೆ ಗಣಿಯ ಕೂಲಿಗೂ ಒಂದು ಕಾನೂನು ಇತ್ತು. 1952ರ ಗಣಿ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಅಪಘಾತದಲ್ಲಿ ಜೀವ ಹೋದರೆ, ವರದಿ ತಲುಪಿದ ಎರಡು ತಿಂಗಳೊಳಗೆ ಸರ್ಕಾರದ ಅಧಿಕಾರಿ ವಿಚಾರಣೆ ನಡೆಸಲೇಬೇಕಿತ್ತು. ಕೊಲೆಗಾರ ಇದ್ದಾನೋ ಇಲ್ಲವೋ ಅನ್ನುವುದು ಅಲ್ಲಿ ಮುಖ್ಯವಾಗಿರಲಿಲ್ಲ, ಆಸರೆ ಮರ ಸರಿ ಇತ್ತಾ, ಮೇಸ್ತ್ರಿ ನೋಡಿದ್ದನಾ ಎಂಬುದು ಮುಖ್ಯವಾಗಿತ್ತು. 1948ರ ಕಾರ್ಖಾನೆ ಕಾಯ್ದೆ ಇದೇ ಕೆಲಸಕ್ಕೆ ಒಂದು ತಿಂಗಳ ಗಡುವು ಇಟ್ಟಿತ್ತು. ರೈಲು ಉರುಳಿದರೆ ವಿಚಾರಣೆ ಮಾಡುವ ರೈಲ್ವೆ ಸುರಕ್ಷತಾ ಆಯುಕ್ತರು ಬರುವುದು ವಿಮಾನಯಾನ ಸಚಿವಾಲಯದ ಅಡಿಯಲ್ಲಿ. ರೈಲ್ವೆ ತನ್ನ ತಪ್ಪನ್ನು ತಾನೇ ವಿಚಾರಿಸಿಕೊಳ್ಳಬಾರದು ಎಂದು ಯಾರೋ ಬುದ್ಧಿವಂತರು ಮಾಡಿಟ್ಟ ಏರ್ಪಾಡು ಅದು.

ಇನ್ನೊಂದು ಹೇಳಿಬಿಡುತ್ತೇನೆ, ನೀವು ಶಾಸನ ಮಾಡುವವರು. ಪೊಲೀಸ್ ವಶದಲ್ಲಿರುವ ಆರೋಪಿ ಸತ್ತರೆ ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 176ರಲ್ಲೂ ಇತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 196ರಲ್ಲೂ ಇದೆ. ಅದು ಇರಲೇಬೇಕು, ಅದನ್ನು ಸಡಿಲಿಸಿ ಎಂದು ನಾನು ಹೇಳುತ್ತಿಲ್ಲ. ಅದೇ ಲಾಕಪ್ ಕಾಯುತ್ತಿದ್ದ ಪೇದೆ ಸತ್ತರೆ ಅಂಥ ವಿಚಾರಣೆ ಕಡ್ಡಾಯವಲ್ಲ. ಅವನ ಪಾಲಿಗೆ ಪಂಚನಾಮೆ, ಪೋಸ್ಟ್ ಮಾರ್ಟಂ, ಬ್ಯೂಗಲ್, ಮೂರು ಸುತ್ತು ಗುಂಡು.

ಈಗ ಕಚೇರಿಯ ಒಳಗೆ ಬನ್ನಿ. ಯಾವ ಊರು, ಯಾವ ಇಲಾಖೆ ಎಂದು ಹೇಳುವುದಿಲ್ಲ. ಆ ಮನೆಯವರಿಗೆ ಮತ್ತೆ ತೊಂದರೆ ಆಗುವುದು ಬೇಡ. ನಮ್ಮಲ್ಲಿನ ಕಿರಿಯ ನೌಕರನೊಬ್ಬ ರಾತ್ರಿ ಮರಳು ಗಾಡಿ ತಡೆಯಲು ಹೋಗಿ ವಾಪಸ್ ಬರಲಿಲ್ಲ. ಹದಿಮೂರು ದಿನದ ಕಾರ್ಯ ಮುಗಿಸಿ ಅವನ ತಂದೆ ಬಂದರು. ಬಿಳಿ ಪಂಚೆ, ಕಂಕುಳಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು. ಕವರಿನಲ್ಲಿ ಮರಣ ಪ್ರಮಾಣಪತ್ರ, ವಂಶವೃಕ್ಷ, ಸೊಸೆಯ ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಾಸ್‌ಪೋರ್ಟ್ ಸೈಜಿನ ಫೋಟೊಗಳು. ನಾವು ಹೇಳಿದ್ದೆಲ್ಲ ತಂದಿದ್ದರು. ಒಂದು ಕಾಗದ ಕಡಿಮೆ ಇತ್ತು: ಬೇಬಾಕಿ ಪ್ರಮಾಣಪತ್ರ, ನೋ ಡ್ಯೂ. ಇಲಾಖೆಯ ಸಾಮಾನು ಏನೇನು ಅವನ ಬಳಿ ಇತ್ತೋ ಅಷ್ಟನ್ನೂ ವಾಪಸ್ ಮಾಡಿದ್ದಾರೆ ಎಂದು ಸಂಬಂಧಪಟ್ಟ ಶಾಖೆಗಳೆಲ್ಲ ಬರೆದುಕೊಡಬೇಕು. ಸಿಮ್ ಕಾರ್ಡ್, ಟ್ಯಾಬ್, ಕೀಲಿಕೈ ಗೊಂಚಲು, ಒಂದು ಹಳೆಯ ಟಾರ್ಚು. ಟಾರ್ಚು ಸ್ಟಾಕ್ ರಿಜಿಸ್ಟರ್‌ನಲ್ಲಿ ನಮೂದಾಗಿತ್ತು, ಆ ರಾತ್ರಿ ಅವನ ಕೈಯಲ್ಲಿದ್ದದ್ದು ಅದೇ. ಈಗ ಅದು ಪೊಲೀಸ್ ಠಾಣೆಯ ಮುದ್ದೆಮಾಲು. ಠಾಣೆಯಿಂದ ಪತ್ರ ತಂದರೆ ಮಾತ್ರ ಸ್ಟೋರ್‌ನವರು ಸಹಿ ಹಾಕುವುದು.

ಮುದುಕರು ಕೋಪ ಮಾಡಿಕೊಳ್ಳಲಿಲ್ಲ. ಹೋಗಿ ಪತ್ರ ತಂದರು. ಕೊಡುವಾಗ ಕೇಳಿದರು, “ಮೇಡಂ, ಟಾರ್ಚಿನ ಲೆಕ್ಕ ನಾವು ಕೊಟ್ವಿ. ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿ ಹೋಗು ಅಂದೋರು ಯಾರು ಅಂತ ನೀವು ಯಾರಾದ್ರೂ ನಮಗೆ ಲೆಕ್ಕ ಕೊಡ್ತೀರಾ?”

ಅವರು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರು. ತನಿಖೆ ಪ್ರಗತಿಯಲ್ಲಿದೆ, ಸೆಕ್ಷನ್ 8(1)(ಎಚ್) ಪ್ರಕಾರ ಕೊಡಲಾಗದು ಎಂಬ ಹಿಂಬರಹ ಬಂತು. ತನಿಖೆ ನಡೆಯುತ್ತಿದೆ ಎಂದ ಮಾತ್ರಕ್ಕೆ ಮಾಹಿತಿ ನಿರಾಕರಿಸುವಂತಿಲ್ಲ, ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿ ಎಂದು ತೋರಿಸಬೇಕು ಎಂದು ದೆಹಲಿ ಹೈಕೋರ್ಟ್ 2007ರಲ್ಲೇ ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಹಳ್ಳಿಯ ಒಬ್ಬ ರೈತ ಅದನ್ನು ಹಿಡಿದುಕೊಂಡು ಮೇಲ್ಮನವಿ ಹೋಗಬೇಕೇ? ಹೋದರೂ ಸಿಗುವುದು ಏನು? ಫೋನ್ ಮಾಡಿದವರು ಯಾರು ಎಂದು ಇಲಾಖೆಯಲ್ಲಿ ಯಾರೂ ಬರೆದಿಡದಿದ್ದರೆ ಕೊಡಲು ಮಾಹಿತಿಯೇ ಇರುವುದಿಲ್ಲ. ಮಾಹಿತಿ ಹಕ್ಕು ಇರುವ ಕಾಗದವನ್ನು ಕೊಡಿಸೀತು, ಇಲ್ಲದ ವಿಚಾರಣೆಯನ್ನು ಮಾಡಿಸದು.

ಮರಳಿನ ಮಾತು ಬಂದದ್ದರಿಂದ ಹೇಳುತ್ತೇನೆ. 2023ರ ಜೂನ್‌ನಲ್ಲಿ ಕಲಬುರಗಿ ಜಿಲ್ಲೆ ಜೇವರ್ಗಿ ತಾಲ್ಲೂಕಿನ ನೆಲೋಗಿ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಅಕ್ರಮ ಮರಳಿನ ಟ್ರ್ಯಾಕ್ಟರ್ ತಡೆಯಲು ಹೋಗಿ ಅದರಡಿ ಸಿಕ್ಕಿ ಸತ್ತರು. 2020ರ ಜುಲೈನಲ್ಲಿ ಬಂಗಾರಪೇಟೆ ತಹಶೀಲ್ದಾರರು ಕಳವಂಚಿ ಗ್ರಾಮಕ್ಕೆ ಜಮೀನು ವ್ಯಾಜ್ಯದ ಸರ್ವೆಗೆ ಹೋಗಿ ಚಾಕು ಇರಿತಕ್ಕೆ ಬಲಿಯಾದರು. ಮಂಜುನಾಥನ ಕೆಜಿಎಫ್‌ಗೂ ಬಂಗಾರಪೇಟೆಗೂ ಎಷ್ಟು ದೂರ ಎಂದು ಆ ಭಾಗದ ಸದಸ್ಯರಿಗೆ ಹೇಳಬೇಕಿಲ್ಲ. ಇರಿದವನು ಸಿಕ್ಕ, ಟ್ರ್ಯಾಕ್ಟರ್ ಸಿಕ್ಕಿತು. ವ್ಯಾಜ್ಯದ ಜಮೀನಿಗೆ ಅಧಿಕಾರಿ ಹೋಗುವಾಗ ಎಷ್ಟು ಬಂದೋಬಸ್ತ್ ಇರಬೇಕು, ಕೊಡದಿದ್ದರೆ ಯಾರು ಹೊಣೆ ಎಂಬುದರಲ್ಲಿ ಆಮೇಲೆ ಬದಲಾದದ್ದೇನು? ಸರ್ವೆಗೆ ಹೋಗುವ ಹುಡುಗರನ್ನೇ ಕೇಳಿ ನೋಡಿ.

ನಿಮ್ಮ ಸದನದಲ್ಲಿ ನಡೆಯುವುದನ್ನು ನಾವು ಟಿವಿಯಲ್ಲಿ ನೋಡುತ್ತೇವೆ. ಸಾವು ದೊಡ್ಡ ಸುದ್ದಿಯಾದರೆ ವಿರೋಧ ಪಕ್ಷ ಸಿಬಿಐ ಬೇಕು ಎನ್ನುತ್ತದೆ, ಆಡಳಿತ ಪಕ್ಷ ಸಿಐಡಿ ಸಾಕು ಎನ್ನುತ್ತದೆ. ಚುನಾವಣೆಯಲ್ಲಿ ಕುರ್ಚಿ ಬದಲಾದರೆ ಮಾತೂ ಬದಲಾಗುತ್ತದೆ, ಕಡತದ ಹಣೆಬರಹ ಬದಲಾಗುವುದಿಲ್ಲ. 2014ರ ಜನವರಿಯಲ್ಲಿ ಕಲಬುರಗಿಯಲ್ಲಿ ರೌಡಿಯ ಗುಂಡಿಗೆ ಸಿಕ್ಕ ಪಿಎಸ್‌ಐ ಮಲ್ಲಿಕಾರ್ಜುನ ಬಂಡೆ ಹೈದರಾಬಾದಿನ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವರ ಮನೆಯವರು ಕೇಳಿದ್ದು ರೌಡಿಯ ಬಗ್ಗೆ ಅಲ್ಲ, ಅವನು ಅಷ್ಟರಲ್ಲಿ ಸತ್ತಿದ್ದ. ಕೇಳಿದ್ದು ಮೇಲಧಿಕಾರಿಗಳ ಬಗ್ಗೆ. 2016ರ ಜುಲೈನಲ್ಲಿ ಮಡಿಕೇರಿಯಲ್ಲಿ ಡಿವೈಎಸ್‌ಪಿ ಎಂ.ಕೆ. ಗಣಪತಿ ಸತ್ತಾಗ ಅವರ ಕುಟುಂಬ, ತನಿಖೆ ಯಾರು ಮಾಡಬೇಕು ಎಂಬ ಒಂದೇ ವಿಷಯಕ್ಕೆ ಸುಪ್ರೀಂ ಕೋರ್ಟ್‌ವರೆಗೆ ಹೋಗಬೇಕಾಯಿತು. 2017ರಲ್ಲಿ ಸಿಬಿಐಗೆ ಆದೇಶವಾಯಿತು. ಆ ಎರಡು ಪ್ರಕರಣಗಳಲ್ಲಿ ಯಾರು ಸರಿ ಯಾರು ತಪ್ಪು ಎಂದು ನಾನು ಹೇಳಹೊರಟಿಲ್ಲ. ಹೊರಗಿನವರು ಮಾಡುವ, ಗಡುವು ಇರುವ, ವರದಿಯ ಪ್ರತಿ ಮನೆಯವರ ಕೈಗೆ ಸಿಗುವ ವಿಚಾರಣೆ ಮೊದಲ ತಿಂಗಳಲ್ಲೇ ತಾನಾಗಿ ಶುರುವಾಗಿದ್ದರೆ ಅರ್ಧಕ್ಕರ್ಧ ಗಾಳಿಸುದ್ದಿ ಹುಟ್ಟುತ್ತಲೇ ಇರಲಿಲ್ಲ. ಆಗ ಮೇಲಧಿಕಾರಿ ನಿರ್ದೋಷಿಯಾದರೆ ಅವರಿಗೂ ಒಳ್ಳೆಯದು. ಈಗ ಹಾಗಲ್ಲ, ಸುಮ್ಮನೆ ಹೆಸರು ಕೆಡಿಸಿಕೊಂಡು ನಿವೃತ್ತರಾದವರನ್ನೂ ನಾನು ಕಂಡಿದ್ದೇನೆ.

ಕೊಲೆಗಾರನೇ ಇಲ್ಲದ ಸಾವುಗಳೂ ಇವೆ, ಅಲ್ಲಿ ಪೊಲೀಸ್ ತನಿಖೆಗೆ ಹುಡುಕಲು ಏನೂ ಇಲ್ಲ. ನಾಗರಹೊಳೆಯ ನಿರ್ದೇಶಕರಾಗಿದ್ದ ಐಎಫ್‌ಎಸ್ ಅಧಿಕಾರಿ ಎಸ್. ಮಣಿಕಂಠನ್ 2018ರ ಮಾರ್ಚ್ 3ರಂದು ಕಾಡ್ಗಿಚ್ಚಿನ ಜಾಗ ನೋಡಲು ಹೋಗಿದ್ದಾಗ ಆನೆ ದಾಳಿಗೆ ಸಿಕ್ಕರು. ಆನೆಯ ಮೇಲೆ ಎಫ್‌ಐಆರ್ ಹಾಕಲಾಗದು. ಆದರೆ ಕಾಡಿನೊಳಗೆ ಹೋಗುವ ವಾಚರ್‌ಗೆ, ಬೆಂಕಿ ಆರಿಸುವ ದಿನಗೂಲಿ ಹುಡುಗನಿಗೆ ವಾಕಿಟಾಕಿ ಇದೆಯಾ, ಹತ್ತಿರದ ಆಸ್ಪತ್ರೆ ಎಷ್ಟು ಹೊತ್ತಿನ ದಾರಿ ಎಂಬ ಪ್ರಶ್ನೆಗಳು ಅಂಥ ಪ್ರತಿ ಸಾವಿನಲ್ಲೂ ಏಳಬೇಕು. ಸೆಪ್ಟೆಂಬರ್ 11ರಂದು ಅರಣ್ಯ ಹುತಾತ್ಮರ ದಿನ, ಅಕ್ಟೋಬರ್ 21ರಂದು ಪೊಲೀಸ್ ಹುತಾತ್ಮರ ದಿನ. ಹೆಸರು ಓದುತ್ತಾರೆ, ನೀವು ಹೂಗುಚ್ಛ ಇಡುತ್ತೀರಿ. ಕಂದಾಯದವರಿಗೆ, ಆಹಾರ ನಿರೀಕ್ಷಕರಿಗೆ, ಸರ್ವೆಯವರಿಗೆ ಅಂಥ ದಿನವೂ ಇಲ್ಲ. ಇನ್ನೊಂದು ದಿನ ಮಾಡಿ ಎಂದು ಮಾತ್ರ ದಯವಿಟ್ಟು ಯಾರೂ ಸೂಚನೆ ಕೊಡಬೇಡಿ.

ನನ್ನ ಹಳೆಯ ಸಹೋದ್ಯೋಗಿಗಳಿಗೆ ಈ ಪತ್ರದ ಕರಡು ತೋರಿಸಿದಾಗ ಒಬ್ಬರು ಹೇಳಿದರು, ಇಂಥ ವಿಚಾರಣೆ ಬಂದರೆ ಮೇಲಧಿಕಾರಿಗಳು ಯಾರನ್ನೂ ಎಲ್ಲಿಗೂ ಕಳಿಸಲು ಹೆದರುತ್ತಾರೆ, ದಾಳಿಗಳೇ ನಿಲ್ಲುತ್ತವೆ ಎಂದು. ಅದರಲ್ಲಿ ಸ್ವಲ್ಪ ನಿಜವಿದೆ. ಮೊದಲ ಆರು ತಿಂಗಳು ಹಾಗೇ ಆಗಬಹುದು. ಆಮೇಲೆ ಬಾಯಿಮಾತಿನ ಆದೇಶದ ಜಾಗಕ್ಕೆ ಬರವಣಿಗೆಯ ಆದೇಶ ಬರುತ್ತದೆ. ಹೊರಡುವ ಮುನ್ನ ವಾಹನ ಇದೆಯಾ, ಜೊತೆಗೆ ಯಾರು, ಠಾಣೆಗೆ ತಿಳಿಸಿದೆಯಾ ಎಂದು ಬರೆಯುತ್ತಾರೆ. ಇಲ್ಲದ ಕಾಗದ ಹುಟ್ಟಿಸುವುದರಲ್ಲಿ ನಮ್ಮ ಇಲಾಖೆಗಳನ್ನು ಮೀರಿಸುವವರಿಲ್ಲ, ಒಮ್ಮೆ ಆ ಜಾಣ್ಮೆ ಒಳ್ಳೆಯದಕ್ಕೂ ಬಳಕೆಯಾಗಲಿ.

ಇನ್ನೊಬ್ಬರು, ದೂರು ಕೊಟ್ಟವರ ರಕ್ಷಣೆಗೆ ಕಾಯ್ದೆ ಇದೆಯಲ್ಲ ಎಂದರು. ಆ ಕಾಯ್ದೆಯ ಬೇರೂ ಒಂದು ಸಾವಿನಲ್ಲೇ ಇದೆ. ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಸತ್ಯೇಂದ್ರ ದುಬೆ ತಮ್ಮ ಹೆಸರು ಗುಟ್ಟಾಗಿಡಿ ಎಂದು ಕೋರಿ 2002ರಲ್ಲಿ ಪ್ರಧಾನಿ ಕಚೇರಿಗೆ ಬರೆದರು. ಆ ಪತ್ರ ಹೆಸರಿನ ಸಮೇತ ಮೇಜಿನಿಂದ ಮೇಜಿಗೆ ಹೋಯಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಕೊಲೆಯಾಯಿತು. 2010ರಲ್ಲಿ ಮೂವರಿಗೆ ಜೀವಾವಧಿ ಆಯಿತು, ದರೋಡೆಯ ಕೊಲೆ ಎಂಬ ಸಿಬಿಐ ವಾದವನ್ನು ಮನೆಯವರು ಒಪ್ಪಲಿಲ್ಲ. ಹೆಸರು ಹೊರಬಿಟ್ಟ ಮೇಜು ಯಾವುದು ಎಂದು ಆ ಕೇಸಿನಲ್ಲಿ ವಿಚಾರಣೆಯಾಗಲಿಲ್ಲ. ವ್ಹಿಸಲ್ ಬ್ಲೋವರ್ಸ್ ರಕ್ಷಣಾ ಕಾಯ್ದೆಗೆ 2014ರಲ್ಲಿ ರಾಷ್ಟ್ರಪತಿ ಅಂಕಿತ ಬಿತ್ತು. ಜಾರಿಯ ಅಧಿಸೂಚನೆ ಹೊರಡದೆ ವರ್ಷಗಟ್ಟಲೆ ಕೂತಿತು.

ಆದ್ದರಿಂದ ನಿಮ್ಮನ್ನು ದೆಹಲಿಯ ಕಡೆ ನೋಡಿ ಎಂದು ಕೇಳುತ್ತಿಲ್ಲ. ಮಾದರಿ ಬೇಕೆಂದರೆ ಇಂಗ್ಲೆಂಡಿನಲ್ಲಿ ಕಾರೋನರ್ ಎಂಬ ಅಧಿಕಾರಿ ಇದ್ದಾರೆ. ಅಸಹಜ ಸಾವಿನ ವಿಚಾರಣೆಯಲ್ಲಿ ಮನೆಯವರು ಎದುರು ಕೂತು ಸಾಕ್ಷಿಗಳನ್ನು ಪ್ರಶ್ನಿಸಬಹುದು. ಇಂಥ ಸಾವು ಮತ್ತೆ ಆಗದಂತೆ ಕ್ರಮ ಬೇಕು ಎಂದು ಕಾರೋನರ್ ಸಂಬಂಧಪಟ್ಟ ಸಂಸ್ಥೆಗೆ ಬರೆದರೆ ಅದು 56 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ಮುಂಬಯಿ, ಕಲ್ಕತ್ತಗಳಲ್ಲೂ ಒಂದು ಕಾಲಕ್ಕೆ ಕಾರೋನರ್ ಇದ್ದರು. ನಮಗೆ ಅಷ್ಟು ದೊಡ್ಡ ಏರ್ಪಾಡು ಬೇಕಿಲ್ಲ, ಒಂದು ಸರ್ಕಾರಿ ಆದೇಶ ಸಾಕು: ರಾಜ್ಯದ ಯಾವುದೇ ನೌಕರ, ಕಾಯಂ ಇರಲಿ ಹೊರಗುತ್ತಿಗೆ ಇರಲಿ, ಕರ್ತವ್ಯದ ಮೇಲೆ ಅಸಹಜವಾಗಿ ಸತ್ತರೆ ಆ ಇಲಾಖೆಗೆ ಸೇರದ ಅಧಿಕಾರಿಯಿಂದ ವಿಚಾರಣೆ ತಾನಾಗಿ ಶುರುವಾಗಬೇಕು, ಮನೆಯವರ ಹೇಳಿಕೆ ಮೊದಲು ದಾಖಲಾಗಬೇಕು, ಎರಡು ತಿಂಗಳಲ್ಲಿ ವರದಿ ಬರಬೇಕು, ಅದರ ಪ್ರತಿ ಅರ್ಜಿ ಹಾಕದೆಯೇ ಮನೆ ಬಾಗಿಲಿಗೆ ತಲುಪಬೇಕು. ಹೊರಗುತ್ತಿಗೆ ಅನ್ನುವ ಪದವನ್ನು ಕೈಬಿಡಬೇಡಿ, ಕರಡು ಆರ್ಥಿಕ ಇಲಾಖೆಗೆ ಹೋದಾಗ ಅದೇ ಮೊದಲು ಹೋಗುವ ಪದ.

ಆದೇಶವಾಗುವವರೆಗೆ ಒಂದು ಸಣ್ಣ ಕೆಲಸ ನಿಮ್ಮಲ್ಲಿ ಯಾರು ಬೇಕಾದರೂ ಮಾಡಬಹುದು, ಅದಕ್ಕೆ ಪಕ್ಷದ ಅನುಮತಿ ಬೇಡ. ಮುಂದಿನ ಅಧಿವೇಶನಕ್ಕೆ ಒಂದು ಚುಕ್ಕೆ ಗುರುತಿನ ಪ್ರಶ್ನೆ ಕಳಿಸಿ. ಒಕ್ಕಣೆ ನಾನೇ ಬರೆದುಕೊಡುತ್ತೇನೆ, ಈ ಕೆಲಸ ನನಗೆ ಅಭ್ಯಾಸವಿದೆ:

“(ಅ) ಕಳೆದ ಹತ್ತು ವರ್ಷಗಳಲ್ಲಿ ಹಲ್ಲೆ, ವಾಹನ ಹರಿಸುವಿಕೆ, ವನ್ಯಪ್ರಾಣಿ ದಾಳಿ ಅಥವಾ ಕರ್ತವ್ಯದ ವೇಳೆಯ ಅವಘಡದಿಂದ ಮೃತಪಟ್ಟ ರಾಜ್ಯ ಸರ್ಕಾರಿ ಹಾಗೂ ಹೊರಗುತ್ತಿಗೆ ನೌಕರರ ಸಂಖ್ಯೆ ಎಷ್ಟು? (ಇಲಾಖಾವಾರು ವಿವರ ನೀಡುವುದು) (ಆ) ಅವುಗಳಲ್ಲಿ ಎಷ್ಟು ಪ್ರಕರಣಗಳಲ್ಲಿ ಮೇಲಧಿಕಾರಿಗಳ ಲೋಪದ ಕುರಿತು ವಿಚಾರಣೆ ನಡೆಸಲಾಗಿದೆ? (ಇ) ವಿಚಾರಣಾ ವರದಿಯ ಪ್ರತಿಯನ್ನು ಎಷ್ಟು ಕುಟುಂಬಗಳಿಗೆ ನೀಡಲಾಗಿದೆ? (ಈ) ನೀಡದಿದ್ದಲ್ಲಿ ಕಾರಣವೇನು?”

‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂಬ ಉತ್ತರ ಬಂದರೆ ಒಪ್ಪಿಕೊಳ್ಳಬೇಡಿ. (ಅ)ಗೆ ಬೇಕಾದ ಕಾಯಂ ನೌಕರರ ಅಂಕಿ ಪ್ರತಿ ಜಿಲ್ಲೆಯ ಸಿಬ್ಬಂದಿ ಶಾಖೆಯಲ್ಲಿ, ಅನುಕಂಪದ ನೇಮಕಾತಿಯ ರಿಜಿಸ್ಟರ್‌ನಲ್ಲಿದೆ. ಮರಣದ ಕಾರಣ ಬರೆಯಲು ಅದರಲ್ಲಿ ಒಂದು ಕಾಲಂ ಕೂಡ ಇದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕಚೇರಿ ಸೂಪರಿಂಟೆಂಡೆಂಟ್, ಕೋಲಾರ ಜಿಲ್ಲೆ